ಧ್ವನಿಸುರುಳಿಯ ಪದ್ಯ, ಬಯಲಿನ ಪದ್ಯ: ಒಬ್ಬ ಕೇಳುಗನ ವಿಮರ್ಶೆ

ವಿಮರ್ಶೆಯೆಂದರೆ ಪುಸ್ತಕದ ವಿಮರ್ಶೆ ಎಂಬುದು ನಮ್ಮಲ್ಲಿ ರೂಢಿಯಾಗಿದೆ. ಕಾಸರಗೋಡಿನ ಕನ್ನಡಿಗರ ಮಟ್ಟಿಗೆ ಈ ರೂಢಿ ಅರ್ಧ ಸತ್ಯ ಮಾತ್ರ. ಓದು ಬರಹ ಬಾರದ ನಮ್ಮ ಹಿರಿಯರು ರಾಮಾಯಣ, ಭಾರತಗಳ ಪದ್ಯಗಳನ್ನು ತಡೆಯಿಲ್ಲದೆ ಹೇಳಬಲ್ಲವರಾಗಿದ್ದರು. ಅವರಿಗೆ ಕಾವ್ಯ ಬಂದದ್ದು ಕಿವಿಯ ದಾರಿಯಿಂದ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ರಾಮಾಯಣ ಪ್ರಸಂಗಗಳ ಕರ್ತೃತ್ವದ ಬಗೆಗೆ ವಿದ್ವಾಂಸರಲ್ಲಿ ವಾದವಿವಾದಗಳು ನಡೆದಿವೆ. ಆದರೆ ಆ ಪದ್ಯಗಳು ಈ ನೆಲದ ಮನೆಮನೆಗಳನ್ನು ಮುಟ್ಟಿದ್ದು ಅಚ್ಚಿನ ಮೂಲಕಕ್ಕಿಂತ ಹೆಚ್ಚಾಗಿ ಭಾಗವತರ ಕಂಠದ ಮೂಲಕವೆಂಬ ವಿಷಯದಲ್ಲಿ ವಾದವಿಲ್ಲ. ಆದುದರಿಂದ ಕೇಳ್ಮೆಯೂ ವಿಮರ್ಶೆಗೆ ಯೋಗ್ಯವಾದ ವಿಷಯವೆಂದು ಭಾವಿಸಿ, ಐವತ್ತು ವರ್ಷಗಳಿಂದ ಹಾಡು ಕೇಳುತ್ತ ಬಂದ ಒಬ್ಬ ಸಾಮಾನ್ಯ ಕೇಳುಗನಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ನಾನು ಸಂಗೀತವನ್ನು ಶಾಸ್ತ್ರೀಯವಾಗಿ ಕಲಿತವನಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ಮನೆಯ ಕಪಾಟಿನಲ್ಲಿ ನೂರಕ್ಕೂ ಮಿಕ್ಕಿದ ಧ್ವನಿಸುರುಳಿಗಳಿವೆ. ಅವುಗಳಲ್ಲಿ ಭಾವಗೀತೆಗಳಿವೆ, ತತ್ತ್ವಪದಗಳಿವೆ, ತಾಳಮದ್ದಳೆಗಳಿವೆ, ಯಕ್ಷಗಾನ ಪದ್ಯಗಳಿವೆ. ಕೆಲವನ್ನು ಅಂಗಡಿಯಿಂದ ಕೊಂಡದ್ದು, ಕೆಲವನ್ನು ನಾನೇ ಧ್ವನಿಮುದ್ರಿಸಿದ್ದು. ಈ ಕಪಾಟನ್ನು ಖಾಲಿ ಮಾಡಬಹುದಲ್ಲ ಎಂದು ಮನೆಯ ಕಿರಿಯರು ವಿನಯದಿಂದಲೇ ಸೂಚಿಸಿದ್ದಾರೆ. ಆ ಸೂಚನೆಗೆ ಉತ್ತರ ಕೊಡಬೇಕಾದರೆ ನನ್ನನ್ನೇ ನಾನು ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಯಿತು. ಸುರುಳಿಯಲ್ಲಿ ಕೇಳಿದ ಹಾಡಿಗೂ ಎದುರು ಕುಳಿತು ಕೇಳಿದ ಹಾಡಿಗೂ ಇರುವ ಸಂಬಂಧವೇನು? ಒಬ್ಬ ಹಾಡುಗಾರನ ಗುಣದೋಷಗಳನ್ನು ಹೇಳುವಾಗ ನಾವು ಯಾವ ಕಿವಿಯಿಂದ ಕೇಳಿ ಹೇಳುತ್ತಿದ್ದೇವೆ?

ಪೆಟ್ಟಿಗೆಗೆ ಒಗ್ಗಿದ ಹಾಡು

ಮೊದಲು ಯಂತ್ರದ ಮಾತು. ಗ್ರಾಮಫೋನಿನ ಹಳೆಯ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಾಲ್ಕು ನಿಮಿಷಗಳ ಹಾಡಿಗಷ್ಟೇ ಎಡೆಯಿತ್ತು. 1963ರಲ್ಲಿ ಫಿಲಿಪ್ಸ್ ಕಂಪೆನಿಯು ಹೊರತಂದ ಕ್ಯಾಸೆಟ್ಟಿನಲ್ಲಿ, ಅದು 60 ನಿಮಿಷದ್ದಾದರೆ ಮಗ್ಗುಲಿಗೆ ಅರ್ಧ ಗಂಟೆ, 90 ನಿಮಿಷದ್ದಾದರೆ ಮುಕ್ಕಾಲು ಗಂಟೆ ಹಿಡಿಸುತ್ತಿತ್ತು. ನಮ್ಮ ಊರುಗಳಿಗೆ ಈ ಯಂತ್ರ ಬಂದದ್ದು ಹೆಚ್ಚಾಗಿ ಗಲ್ಫ್ ದೇಶಗಳ ದಾರಿಯಿಂದ. ರಜೆಯಲ್ಲಿ ಊರಿಗೆ ಬಂದವರ ಕೈಯಲ್ಲಿ ನ್ಯಾಶನಲ್ ಪ್ಯಾನಾಸಾನಿಕ್ ಟೇಪ್ ರೆಕಾರ್ಡರ್ ಇಲ್ಲದಿದ್ದರೆ ಅವರು ಗಲ್ಫಿನಿಂದ ಬಂದರೆಂದು ನಂಬುವವರಿರಲಿಲ್ಲ. ಅದಕ್ಕೆ ತುಸು ಮೊದಲು, 1976ರ ದಶಂಬರದಲ್ಲಿ, ಮಂಗಳೂರು ಆಕಾಶವಾಣಿ ಕೇಂದ್ರವು ಆರಂಭವಾಗಿತ್ತು. 1956ರ ಭಾಷಾವಾರು ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ಆಡಳಿತದ ಕಾಗದಪತ್ರಗಳಿಂದ ಹಿಂದೆ ಸರಿಯತೊಡಗಿದ್ದ ಕನ್ನಡವು ಇತ್ತ ರೇಡಿಯೋದಿಂದಲೂ ಧ್ವನಿಸುರುಳಿಯಿಂದಲೂ ಮನೆಯ ಜಗಲಿಯಲ್ಲಿ ಗಟ್ಟಿಯಾಗಿ ಕೇಳಿಸತೊಡಗಿತು. ಈ ಉಪಕಾರವನ್ನು ಮರೆತು ಸುರುಳಿಯನ್ನು ವಿಮರ್ಶಿಸುವುದು ಕೃತಘ್ನತೆಯಾದೀತು.

ಕೆ. ಎಸ್. ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ವು 1978ರಲ್ಲಿ ಹೊರಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂಬ ಪ್ರಸಿದ್ಧಿ ಅದಕ್ಕಿದೆ. ನನ್ನ ಸಂಗ್ರಹದಲ್ಲಿ ಅತಿ ಹೆಚ್ಚು ಸವೆದ ಸುರುಳಿಯೂ ಅದೇ. ಅನಂತಸ್ವಾಮಿಯವರ ಹಾಡಿಕೆಯ ಗುಣವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅವರಲ್ಲಿ ರಾಗವು ಪದಕ್ಕೆ ದಾರಿ ಬಿಟ್ಟುಕೊಡುತ್ತದೆ. ಕವಿಯ ಸಾಲು ಎಲ್ಲಿ ನಿಲ್ಲಬೇಕೋ ಅಲ್ಲಿ ಅವರ ಉಸಿರು ನಿಲ್ಲುತ್ತದೆ. ಒತ್ತಕ್ಷರಗಳು ಸ್ವರದ ಕೆಳಗೆ ಸಿಕ್ಕಿ ನಲುಗುವುದಿಲ್ಲ. ತರಗತಿಯಲ್ಲಿ ಪದ್ಯ ಓದಿಸುವ ಅಧ್ಯಾಪಕನೊಬ್ಬನಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿರಲಿಲ್ಲ. ನಾನು ಅದನ್ನು ಹಾಗೆಯೇ ಬಳಸಿಕೊಂಡಿದ್ದೇನೆ.

ಸಿ. ಅಶ್ವತ್ಥರದು ಬೇರೆ ದಾರಿ. ಅವರು ಪದ್ಯವನ್ನು ಹೇಳುವುದಿಲ್ಲ, ಆಡಿಸುತ್ತಾರೆ. ಶಿಶುನಾಳ ಶರೀಫರ ತತ್ತ್ವಪದಗಳನ್ನು ಅವರು ಸುರುಳಿಗಳ ಮೂಲಕ ನಾಡಿನಲ್ಲೆಲ್ಲ ಹರಡಿದರು. ಹತ್ತೊಂಬತ್ತನೆಯ ಶತಮಾನದ ಆ ಅನುಭಾವಿಯ ಉತ್ತರ ಕರ್ನಾಟಕದ ನುಡಿ ಕಾಸರಗೋಡಿನ ಕನ್ನಡಿಗನಿಗೆ ಅರ್ಥವಾಗುವುದು ಸುಲಭವಲ್ಲ. ಅಶ್ವತ್ಥರ ದನಿಯಲ್ಲಿದ್ದ ನಾಟಕೀಯತೆಯು ಅರ್ಥಕ್ಕಿಂತ ಮೊದಲು ಭಾವವನ್ನು ಮುಟ್ಟಿಸಿಬಿಟ್ಟಿತು. ಕೆಲವೊಮ್ಮೆ ಆ ದನಿಯ ಆವೇಶವು ಪದದ ಸೂಕ್ಷ್ಮವನ್ನು ದಾಟಿ ಹೋಗುವುದೂ ಉಂಟು. ಒಗಟಿನಂತೆ ಮೆಲ್ಲನೆ ಬಿಚ್ಚಬೇಕಾದ ಸಾಲನ್ನು ಘೋಷಣೆಯಂತೆ ಹಾಡಿದಾಗ ಅನುಭಾವವು ಉತ್ಸಾಹವಾಗಿ ಮಾರ್ಪಡುತ್ತದೆ. 2005ರ ಎಪ್ರಿಲಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ನಾನು ಹೋದವನಲ್ಲ, ಧ್ವನಿಮುದ್ರಿಕೆಯಲ್ಲಿ ಮಾತ್ರ ಕೇಳಿದವನು. ಕೇಳುವಾಗ ನನಗೆ ಅನಿಸಿದ್ದು, ಅಶ್ವತ್ಥರ ದನಿಯು ಮೊದಲಿನಿಂದಲೂ ಇಂಥ ಮೈದಾನವೊಂದನ್ನು ಅರಸುತ್ತಿತ್ತು ಎಂದು. ಸುರುಳಿಯಲ್ಲಿ ಅತಿಯೆನಿಸಿದ್ದು ಜನಸಾಗರದ ಎದುರಿನಲ್ಲಿ ಅಳತೆಗೆ ಸರಿಯಾಗಿ ಕೂತಿದೆ.

ಹೀಗಿದ್ದರೂ ಭಾವಗೀತೆಯು ಒಟ್ಟಿನಲ್ಲಿ ಪೆಟ್ಟಿಗೆಗೆ ಒಗ್ಗುವ ಪ್ರಕಾರ. ಐದಾರು ನಿಮಿಷದ ಗೀತೆ, ಒಬ್ಬ ಗಾಯಕ, ನಡುವೆ ವಾದ್ಯಗಳ ಸಣ್ಣ ತುಂಡುಗಳು. ಅದರ ಆದಿಯೂ ಅಂತ್ಯವೂ ಅದರಲ್ಲಿಯೇ ಇವೆ. ಕೋಣೆಯಲ್ಲಿ ಒಬ್ಬನೇ ಕೂತು ಕೇಳಿದರೂ ಅದಕ್ಕೆ ದೊಡ್ಡ ನಷ್ಟವಾಗುವುದಿಲ್ಲ. ನಿಜವಾದ ಸಮಸ್ಯೆ ಹುಟ್ಟುವುದು ನಮ್ಮದೇ ಆದ ಯಕ್ಷಗಾನವನ್ನು ಪೆಟ್ಟಿಗೆಯೊಳಗೆ ಕೂಡಿಸಹೊರಟಾಗ.

ಪೆಟ್ಟಿಗೆಗೆ ಒಗ್ಗದ ಪದ್ಯ

ಯಕ್ಷಗಾನದ ಪದ್ಯವು ತನ್ನಷ್ಟಕ್ಕೆ ಮುಗಿಯುವ ಹಾಡಲ್ಲ. ಭಾಗವತರು ಪದ್ಯ ಹೇಳುವುದು ಮುಂದೆ ನಿಂತ ವೇಷಧಾರಿಗೆ. ಪದ್ಯವು ಅವನನ್ನು ಕುಣಿಸಬೇಕು, ಕುಣಿತ ಮುಗಿದಾಗ ಅವನ ಬಾಯಲ್ಲಿ ಅರ್ಥವನ್ನು ಹುಟ್ಟಿಸಬೇಕು. ಚೆಂಡೆ ಮದ್ದಳೆಗಳು ಆ ಪದ್ಯದ ತಾಳವನ್ನು ಹಿಡಿದು ವೇಷದ ಕಾಲಿಗೆ ತಲುಪಿಸಬೇಕು. ಜಾಗಟೆಯ ಒಂದೊಂದು ಪೆಟ್ಟೂ ಹಿಮ್ಮೇಳಕ್ಕೂ ಮುಮ್ಮೇಳಕ್ಕೂ ಒಂದು ಆಜ್ಞೆ. ಹೀಗಿರುವಾಗ ಪದ್ಯವನ್ನು ಮಾತ್ರ ಕತ್ತರಿಸಿ ಸುರುಳಿಗೆ ತುಂಬಿದರೆ ಪತ್ರವಿಲ್ಲದ ಲಕೋಟೆಯನ್ನು ಕಳುಹಿಸಿದಂತಾಗುತ್ತದೆ. ವಿಳಾಸ ಸುಂದರವಾಗಿರಬಹುದು, ಆದರೆ ಯಾರಿಗೆ, ಏಕೆ ಎಂಬುದು ತಿಳಿಯುವುದಿಲ್ಲ.

ತಾಳಮದ್ದಳೆಯ ಸುರುಳಿಗಳ ಸ್ಥಿತಿ ಇದಕ್ಕಿಂತ ಉತ್ತಮ. ಅಲ್ಲಿ ವೇಷವೂ ಕುಣಿತವೂ ಇಲ್ಲದ ಕಾರಣ ಕಣ್ಣಿಗೆ ನಷ್ಟವಿಲ್ಲ. ನಮ್ಮ ಜಿಲ್ಲೆಯ ಶೇಣಿಯ ಹೆಸರನ್ನು ಕನ್ನಡನಾಡಿಗೆಲ್ಲ ಪರಿಚಯಿಸಿದ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥಗಾರಿಕೆಯನ್ನು ಇಂದಿನ ತರುಣರು ಕೇಳಬಲ್ಲರೆಂದರೆ ಅದು ಧ್ವನಿಮುದ್ರಣದ ಕೃಪೆ. ಅವರ ರಾವಣ, ವಾಲಿಗಳ ತರ್ಕವು ಸುರುಳಿಯಲ್ಲಿ ಚೂಪಾಗಿ ಕೇಳಿಸುತ್ತದೆ. ಆದರೆ ಬಯಲಿನ ತಾಳಮದ್ದಳೆಯಲ್ಲಿ ಎದುರಾಳಿಯು ಯಾವ ಪ್ರಶ್ನೆ ಹಾಕುತ್ತಾನೆಂಬುದು ಯಾರಿಗೂ ಮುಂಚಿತವಾಗಿ ಗೊತ್ತಿರುವುದಿಲ್ಲ. ಶೇಣಿಯವರು ಒಂದು ಕ್ಷಣ ಸುಮ್ಮನಾದರೆ ಸಭೆಯೇ ಉಸಿರು ಬಿಗಿಹಿಡಿಯುತ್ತಿತ್ತು. ಪ್ರಸಂಗವೊಂದು ತೊಂಬತ್ತು ನಿಮಿಷಗಳೊಳಗೆ ಮುಗಿಯಬೇಕೆಂಬ ನಿರ್ಬಂಧ ಬಿದ್ದಾಗ ಆ ಮೌನಕ್ಕೆ ಜಾಗವಿಲ್ಲದಾಯಿತು. ಸುರುಳಿಯಲ್ಲಿ ಉತ್ತರಗಳು ಉಳಿದವು, ಉತ್ತರವನ್ನು ಹುಡುಕುವ ಆ ಗಳಿಗೆ ಉಳಿಯಲಿಲ್ಲ.

ಬಲಿಪರ ದನಿಯ ನ್ಯಾಯ

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಪಡ್ರೆಯಲ್ಲಿ 1938ರಲ್ಲಿ ಜನಿಸಿ, ಅದೇ ಹೆಸರಿನ ಅಜ್ಜನ ಪರಂಪರೆಯನ್ನು ಮುಂದುವರಿಸಿ, ಕಟೀಲು ಮೇಳದಲ್ಲಿ ದಶಕಗಳ ಕಾಲ ಭಾಗವತರಾಗಿದ್ದ ಬಲಿಪ ನಾರಾಯಣ ಭಾಗವತರ ಹಾಡಿಕೆಯನ್ನು ನಾನು ಗಮನವಿಟ್ಟು ಕೇಳಿದ್ದು ಮೊದಲು ಸುರುಳಿಯಲ್ಲಿ. ಆಗ ನನ್ನ ಕಿವಿ ಭಾವಗೀತೆಗಳ ಮಾಧುರ್ಯಕ್ಕೆ ಹದಗೊಂಡಿತ್ತು. ಬಲಿಪರ ದನಿ ನನಗೆ ಒರಟಾಗಿ ಕೇಳಿಸಿತು. ಏರುಶ್ರುತಿ, ತೆರೆದ ಗಂಟಲು, ಬಳುಕು ಕಡಮೆ, ಆಲಾಪನೆ ಇಲ್ಲವೆನ್ನುವಷ್ಟು ಮಿತ. ಪರಂಪರೆಗೆ ಗೌರವ ಸಲ್ಲಬೇಕು, ಆದರೆ ಸಂಗೀತ ಸಾಲದು ಎಂದು ಸ್ನೇಹಿತರಲ್ಲಿ ತೀರ್ಪು ಕೊಟ್ಟೆ. ಕಿವಿಗೆ ಹತ್ತಿರವಿರುವ ಪೆಟ್ಟಿಗೆಯೊಂದರಲ್ಲಿ, ಚಾವಡಿಯಲ್ಲಿ ಕೂತು, ಚಹಾ ಕುಡಿಯುತ್ತ ಕೊಟ್ಟ ತೀರ್ಪು ಅದು.

ಆ ತೀರ್ಪು ಬಿದ್ದುಹೋದದ್ದು ಕೊಯ್ಲು ಮುಗಿದ ಗದ್ದೆಯೊಂದರಲ್ಲಿ ನಡೆದ ದೇವೀಮಹಾತ್ಮೆಯ ರಾತ್ರಿ. ತಡವಾಗಿ ಹೋದುದರಿಂದ ನನಗೆ ಜಾಗ ಸಿಕ್ಕಿದ್ದು ಗದ್ದೆಯ ಕೊನೆಯ ಹುಣಿಯ ಮೇಲೆ. ಮಹಿಷಾಸುರನು ಜನರ ನಡುವಿನಿಂದ, ದೊಂದಿಗಳ ಬೆಳಕಿನಲ್ಲಿ, ರಾಳದ ಬೆಂಕಿಯನ್ನು ಎಬ್ಬಿಸುತ್ತ ರಂಗಸ್ಥಳದತ್ತ ಬರುವ ಸನ್ನಿವೇಶ ನಿಮಗೆಲ್ಲ ತಿಳಿದದ್ದೇ. ಚೆಂಡೆಯ ಅಬ್ಬರ, ಮಕ್ಕಳ ಅಳು, ಜನರ ಕೂಗು. ಅದರ ಮೇಲೆ ಬಲಿಪರ ಪದ್ಯದ ಎತ್ತುಗಡೆ ಬಂತು. ನಾನು ಕುಳಿತ ಹುಣಿಯ ವರೆಗೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂತು. ಆಗ ನನಗೆ ಹೊಳೆಯಿತು: ನಾನು ಒರಟೆಂದು ಕರೆದದ್ದು ಆ ದನಿಯ ಕಟ್ಟೋಣ. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ, ಚೆಂಡೆಯನ್ನು ಮೀರಿ ಬಯಲಿನ ಕಡೆಯ ಕೇಳುಗನಿಗೂ ಪ್ರಸಂಗದ ಮಾತನ್ನು ತಲುಪಿಸಬೇಕಾಗಿದ್ದ ಭಾಗವತರ ಕುಲದಲ್ಲಿ ರೂಪುಗೊಂಡ ಕಟ್ಟೋಣ ಅದು. ಬಳುಕನ್ನು ಮಿತಗೊಳಿಸಿದ್ದು ಅಕ್ಷರ ಮಸುಕಾಗಬಾರದೆಂದು. ಆಲಾಪನೆಯನ್ನು ಹಿಡಿದಿಟ್ಟದ್ದು ವೇಷ ಕಾಯಬಾರದೆಂದು. ರಾಗವು ಅಲ್ಲಿ ಇಲ್ಲದಿಲ್ಲ, ಪದದ ಒಳಗೆ ಅಡಗಿದೆ.

ಬೆಳಗಿನ ಜಾವಕ್ಕೆ ಆ ದನಿ ಬೇರೆಯೇ ಆಗಿತ್ತು. ರಾತ್ರಿಯುದ್ದಕ್ಕೂ ಹಾಡಿದ ಆಯಾಸ ಅದರಲ್ಲಿರಲಿಲ್ಲ ಎಂದರೆ ಸುಳ್ಳಾದೀತು. ಆಯಾಸವಿತ್ತು, ಆದರೆ ಪದ್ಯದ ಕಾಲ ಕುಗ್ಗಿರಲಿಲ್ಲ. ಶುಂಭನ ವಧೆಯ ಹೊತ್ತಿಗೆ ಮೂಡಣದಲ್ಲಿ ಬೆಳಕು ಹರಿಯುತ್ತಿದ್ದಾಗ ಕೇಳಿದ ಪದ್ಯಗಳಲ್ಲಿ ಒಂದು ಬಗೆಯ ತೂಕವಿತ್ತು. ಆ ತೂಕವು ಪದ್ಯದಿಂದ ಮಾತ್ರ ಬಂದದ್ದಲ್ಲ. ಅದರ ಹಿಂದೆ ಎಂಟು ಗಂಟೆಗಳ ಆಟ ಇತ್ತು. ಈ ಎಂಟು ಗಂಟೆಗಳನ್ನು ಯಾವ ಸುರುಳಿಯೂ ಕೊಡಲಾರದು. ಐದು ದಿನಗಳ ದೇವೀಮಹಾತ್ಮೆಯನ್ನೇ ರಚಿಸಿದ ಬಲಿಪರಂಥ ಪ್ರಸಂಗಕರ್ತರಿಗೆ ಕಾಲದ ಈ ವಿಸ್ತಾರವು ಕಲೆಯ ಹೊರಗಿನ ಸಂಗತಿಯಾಗಿರಲಿಲ್ಲ. ಅದೇ ಅವರ ಕಲೆಯ ಆಧಾರವಾಗಿತ್ತು. 2023ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ನಾನು ಆ ಹಳೆಯ ಸುರುಳಿಯನ್ನು ಮತ್ತೆ ಹಾಕಿ ಕೇಳಿದೆ. ಈ ಬಾರಿ ಒರಟೆನಿಸಲಿಲ್ಲ. ಸುರುಳಿ ಬದಲಾಗಿರಲಿಲ್ಲ, ಅದನ್ನು ಕೇಳುವುದಕ್ಕೆ ಬೇಕಾದ ಗದ್ದೆಯನ್ನು ನಾನು ನೆನಪಿನಲ್ಲಿ ತಂದಿದ್ದೆ.

ಇದೇ ತತ್ತ್ವವನ್ನು ಇನ್ನೊಂದು ಉದಾಹರಣೆಯಿಂದ ಪರೀಕ್ಷಿಸಬಹುದು. ನಮ್ಮ ಮಧೂರಿನಲ್ಲಿ 1947ರಲ್ಲಿ ಜನಿಸಿದ ಲೀಲಾವತಿ ಬೈಪಡಿತ್ತಾಯರು ವೃತ್ತಿಮೇಳಗಳಲ್ಲಿ ಭಾಗವತಿಕೆ ಮಾಡಿದ ಮೊದಲ ಮಹಿಳೆಯೆಂದು ಪ್ರಸಿದ್ಧರು. ಸುರುಳಿಯಲ್ಲಿ ಅವರ ಹಾಡನ್ನು ಕೇಳಿದರೆ ಶಾಸ್ತ್ರೀಯ ಸಂಗೀತದ ಶಿಸ್ತು, ಶುದ್ಧ ಶ್ರುತಿ, ಸ್ಪಷ್ಟ ಉಚ್ಚಾರ ಇವನ್ನು ಮೆಚ್ಚಿ ಸುಮ್ಮನಾಗುತ್ತೇವೆ. ಸ್ತ್ರೀಕಂಠದಲ್ಲಿ ಹಾಡು ಕೇಳುವುದು ನಮಗೆ ಹೊಸದಲ್ಲವಷ್ಟೆ. ಆದರೆ ಆಟದಲ್ಲಿ ಅವರ ಎದುರಿಗಿದ್ದ ಪ್ರಶ್ನೆ ಬೇರೆ. ಚೆಂಡೆಯನ್ನು ಹಿಡಿದು ನಿಲ್ಲಿಸಬಲ್ಲ, ರಕ್ಕಸ ವೇಷವನ್ನು ಕುಣಿಸಬಲ್ಲ ಅಧಿಕಾರ ಆ ಕಂಠಕ್ಕಿದೆಯೇ ಎಂದು ಸಭೆಯ ಹಿರಿಯರು ಪರೀಕ್ಷೆಯ ಕಣ್ಣಿನಿಂದ ನೋಡುತ್ತಿದ್ದ ಕಾಲವದು. ಅವರು ಆ ಪರೀಕ್ಷೆಯಲ್ಲಿ ಗೆದ್ದದ್ದು ರಂಗಸ್ಥಳದಲ್ಲಿ. 2024ರ ದಶಂಬರದಲ್ಲಿ ನಮ್ಮನ್ನಗಲಿದ ಅವರ ನಿಜವಾದ ಸಾಧನೆಯನ್ನು ಅಳೆಯಲು ಸುರುಳಿಯ ಮಾಧುರ್ಯವೊಂದೇ ಮಾನದಂಡವಾದರೆ ಅವರಿಗೆ ಅನ್ಯಾಯವಾಗುತ್ತದೆ.

ಎದುರು ಪಕ್ಷದ ವಾದ

ಇಷ್ಟು ಹೇಳಿದ ಮೇಲೆ, ಹಾಗಾದರೆ ಸುರುಳಿಗಳೆಲ್ಲ ವ್ಯರ್ಥವೇ ಎಂದು ಕೇಳಬಹುದು. ಇಲ್ಲ. ಬಡಗುತಿಟ್ಟಿನ ಭಾಗವತ ಕಾಳಿಂಗ ನಾವಡರು 1990ರಲ್ಲಿ, ಇನ್ನೂ ತಾರುಣ್ಯದಲ್ಲಿಯೇ, ಅಪಘಾತದಲ್ಲಿ ತೀರಿಕೊಂಡರು. ಬಡಗಿನ ಆಟಗಳು ಅಪರೂಪವಾಗಿದ್ದ ನಮ್ಮ ಕಡೆಯವರಲ್ಲಿ ಅವರನ್ನು ರಂಗದಲ್ಲಿ ಕಂಡವರು ಕೆಲವರೇ. ನಾನು ಕಂಡವನಲ್ಲ. ಆದರೂ ಅವರ ದನಿ ನನಗೆ ಗೊತ್ತಿದೆ. ಹೊಸ ರಾಗಗಳನ್ನು ಪದ್ಯಕ್ಕೆ ತಂದ ಅವರ ಧೈರ್ಯದ ಬಗ್ಗೆ, ಆ ಧೈರ್ಯವನ್ನು ಅನುಕರಿಸಿದವರ ಅತಿರೇಕಗಳ ಬಗ್ಗೆ ನನಗೊಂದು ಅಭಿಪ್ರಾಯವೂ ಇದೆ. ಸುರುಳಿ ಇಲ್ಲದಿದ್ದರೆ ನಾವಡರು ನಮ್ಮ ಪಾಲಿಗೆ ಹಿರಿಯರು ಹೇಳುವ ಒಂದು ಕಥೆಯಾಗಿ ಉಳಿಯುತ್ತಿದ್ದರು. ಅಜ್ಜ ಬಲಿಪರ ಪ್ರಾಯದ ಕಾಲದ ಹಾಡಿಕೆ ನನ್ನ ತಲೆಮಾರಿಗೆ ಹಾಗೆಯೇ ಬರಿಯ ಕಥೆಯಾಗಿ ಉಳಿದಿದೆಯಲ್ಲವೇ?

ಇನ್ನೊಂದು ಮಾತು. ಮೈಕಿನ ಎದುರು ಮೆಲ್ಲನೆ ಹಾಡಿ ರಾಗವನ್ನು ವಿಸ್ತರಿಸುವ ಹೊಸ ಭಾಗವತರನ್ನು ಹಳಬರು ಸಂಗೀತ ಕಚೇರಿ ಮಾಡುತ್ತಾರೆಂದು ಹಳಿಯುವುದುಂಟು. ಮೈಕು ಬಂದ ಮೇಲೆ ಗಂಟಲು ಬಯಲನ್ನು ತುಂಬಬೇಕಾದ ಹೊಣೆ ತಪ್ಪಿತು. ಹೊಣೆ ತಪ್ಪಿದಾಗ ದನಿ ಸೂಕ್ಷ್ಮದತ್ತ ಹೊರಳುವುದು ಸಹಜ. ಹೀಗಾಗಿ ನಾನು ಅದನ್ನು ಪತನವೆಂದು ಕರೆಯಲಾರೆ. ಪದ್ಯ ಮುಗಿದಾಗ ವೇಷಧಾರಿಗೆ ಅರ್ಥ ಹೇಳಲು ಹುರುಪು ಉಳಿದಿದೆಯೇ, ಇಲ್ಲ ಅವನೂ ಸಭಿಕರೊಡನೆ ತಲೆದೂಗುತ್ತ ನಿಂತಿದ್ದಾನೆಯೇ ಎಂಬುದೊಂದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ನಮ್ಮ ಎಡನೀರು ಮಠದ ಕೀರ್ತಿಶೇಷ ಕೇಶವಾನಂದ ಭಾರತೀ ಸ್ವಾಮಿಗಳನ್ನು ದೇಶದ ನ್ಯಾಯವಾದಿಗಳು 1973ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಬಲ್ಲರು. ನಾವು ಅವರನ್ನು ಹಾಡುಗಾರರಾಗಿಯೂ, ಭಾಗವತಿಕೆಯನ್ನು ಬಲ್ಲ ಕಲಾಪೋಷಕರಾಗಿಯೂ ಬಲ್ಲೆವು. ಶಾಸ್ತ್ರೀಯ ಸಂಗೀತ, ಭಕ್ತಿಗೀತೆ, ಯಕ್ಷಗಾನ ಈ ಮೂರನ್ನೂ ಒಂದೇ ಮನಸ್ಸು ಒಲಿಸಿಕೊಳ್ಳಬಹುದೆಂಬುದಕ್ಕೆ ಅವರೇ ಸಾಕ್ಷಿ. ಆದುದರಿಂದ ಸಂಗೀತವೂ ಯಕ್ಷಗಾನವೂ ಶತ್ರುಗಳೆಂಬ ವಾದದಲ್ಲಿ ನನಗೆ ನಂಬಿಕೆಯಿಲ್ಲ. ಸಂದರ್ಭವನ್ನರಿತ ಹಾಡಿಕೆ, ಅರಿಯದ ಹಾಡಿಕೆ ಎಂಬ ಭೇದವೊಂದೇ ಮುಖ್ಯ.

ಬಿಟ್ಟುಹೋದ ಅರೆಸಾಲು

ಧ್ವನಿಮುದ್ರಣದ ನಿಜವಾದ ಅಪಾಯವೇನೆಂದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಒಬ್ಬ ವಿದ್ಯಾರ್ಥಿಯಿಂದ. ಎಂಬತ್ತರ ದಶಕದಲ್ಲಿ ನೆರೆಮನೆಯವರ ಟೇಪ್ ರೆಕಾರ್ಡರನ್ನು ಬೇಡಿ ತಂದು, ಊರಿನ ಆಟವೊಂದನ್ನು ನಾನೇ ಧ್ವನಿಮುದ್ರಿಸಿದ್ದೆ. ತಂದೆಯವರು ಪಕ್ಕದಲ್ಲಿ ಕುಳಿತಿದ್ದರು. ನನ್ನ ದೃಷ್ಟಿಯೆಲ್ಲ ಸುರುಳಿ ತಿರುಗುವುದರ ಮೇಲೆ. ಸುರುಳಿಯ ಒಂದು ಮಗ್ಗುಲು ಮುಗಿಯುವ ಹೊತ್ತಿಗೆ ಅವರು ಸಿಡುಕಿನಿಂದ ಹೇಳಿದ ಮಾತೂ ಅದರಲ್ಲಿ ದಾಖಲಾಗಿದೆ: “ಅದನ್ನು ಬದಿಗಿಡು, ಆಟ ನೋಡು.” ನಾನು ಬದಿಗಿಡಲಿಲ್ಲ. ಮಗ್ಗುಲು ಬದಲಿಸಿ ಮತ್ತೆ ಗುಂಡಿ ಒತ್ತಿದೆ. ಅಷ್ಟರೊಳಗೆ ನಡೆಯುತ್ತಿದ್ದ ಪದ್ಯದ ಅರೆಸಾಲು ಬಿಟ್ಟುಹೋಯಿತು.

ವರ್ಷಗಳ ಬಳಿಕ, ನಾನು ಮುಖ್ಯೋಪಾಧ್ಯಾಯನಾಗಿದ್ದಾಗ, ಒಳ್ಳೆಯ ಕಂಠವಿದ್ದ ಒಬ್ಬ ಹುಡುಗನಿಗೆ ಶಾಲಾ ವಾರ್ಷಿಕೋತ್ಸವದಲ್ಲಿ ಪದ್ಯ ಹೇಳಲು ಆ ಸುರುಳಿಯನ್ನೇ ಕೊಟ್ಟೆ. ಹುಡುಗ ಶ್ರದ್ಧೆಯಿಂದ ಕಲಿತ. ನನ್ನೆದುರು ಹಲವು ಬಾರಿ ಹಾಡಿ ತೋರಿಸಿದ. ಚೆನ್ನಾಗಿದೆ ಎಂದೆ. ಉತ್ಸವದ ದಿನ ಮದ್ದಳೆಗೆ ಬಂದ ಕಲಾವಿದರು ತಾಳ ಹಿಡಿದು ನುಡಿಸುತ್ತಿದ್ದಂತೆ ಚರಣದ ನಡುವೆ ಹುಡುಗ ಅರ್ಧ ಆವರ್ತ ಮುಂದಕ್ಕೆ ಹಾರಿದ. ಮದ್ದಳೆ ಒಂದು ಕಡೆ, ಪದ್ಯ ಇನ್ನೊಂದು ಕಡೆ. ಹುಡುಗನಿಗೆ ಏನಾಯಿತೆಂದೇ ತಿಳಿಯಲಿಲ್ಲ. ಸಭೆಯಲ್ಲಿ ಯಾರೋ ನಕ್ಕರು. ಅವನು ಪದ್ಯ ನಿಲ್ಲಿಸಿ ತಲೆತಗ್ಗಿಸಿ ನಿಂತ.

ಸುರುಳಿಯಲ್ಲಿ ಬಿಟ್ಟುಹೋದ ಅರೆಸಾಲನ್ನು ಅವನು ಬಿಟ್ಟೇ ಕಲಿತಿದ್ದ. ಅದು ಅವನ ತಪ್ಪಲ್ಲ. ನನ್ನ ಅಪರಾಧ ಇನ್ನೂ ದೊಡ್ಡದು. ಆ ಸುರುಳಿಯನ್ನು ವರ್ಷಗಟ್ಟಲೆ ಕೇಳಿ ಕೇಳಿ, ಅಲ್ಲಿ ಒಂದು ಸಾಲು ಕತ್ತರಿಸಿ ಹೋಗಿದೆಯೆಂಬುದು ನನಗೇ ಮರೆತುಹೋಗಿತ್ತು. ವಾಕ್ಯ ಮುರಿದಿತ್ತು, ಅರ್ಥ ಕೂಡುತ್ತಿರಲಿಲ್ಲ. ಕನ್ನಡ ಪಾಠ ಹೇಳುವ ನನ್ನ ಕಿವಿಗೆ ಅದು ತಟ್ಟಲಿಲ್ಲ. ಅಚ್ಚಾದ ಪ್ರಸಂಗ ಪುಸ್ತಕ ಶಾಲೆಯ ಗ್ರಂಥಾಲಯದಲ್ಲಿಯೇ ಇತ್ತು, ತೆರೆದು ನೋಡಲಿಲ್ಲ. ನಾನು ಆ ಶಾಲೆಯಲ್ಲಿದ್ದಷ್ಟು ಕಾಲ ಆ ಹುಡುಗ ಮತ್ತೆ ವೇದಿಕೆಯ ಮೇಲೆ ಹಾಡಲಿಲ್ಲ. ಕ್ಷಮೆ ಕೇಳಬೇಕೆಂಬ ಬುದ್ಧಿ ಅಂದು ನನಗಿರಲಿಲ್ಲ.

ಬಯಲಿನಲ್ಲಿ ಭಾಗವತರು ತಪ್ಪಿದರೆ ಮದ್ದಳೆಗಾರ ಎಚ್ಚರಿಸುತ್ತಾನೆ, ಮರುದಿನದ ಆಟದಲ್ಲಿ ಅದು ತಿದ್ದಿಹೋಗುತ್ತದೆ. ಸುರುಳಿ ತನ್ನ ತಪ್ಪನ್ನು ನೂರು ಸಲ ಒಂದೇ ರೀತಿ ಹೇಳುತ್ತದೆ. ನೂರು ಸಲ ಕೇಳಿದ ತಪ್ಪು ನಮಗೆ ಸರಿಯೆನಿಸುತ್ತದೆ. ಮೆಚ್ಚಿನ ಸುರುಳಿಗಳ ವಿಷಯದಲ್ಲಿ ನನಗಿರುವ ಮುಖ್ಯ ಆಕ್ಷೇಪ ಇದೊಂದೇ.

ಇಂದಿನ ಸ್ಥಿತಿ ಮತ್ತು ನಮ್ಮ ಹೊಣೆ

ಇತ್ತೀಚಿನ ವರ್ಷಗಳಲ್ಲಿ ಹಲವು ಮೇಳಗಳು ಕಾಲಮಿತಿಯ ಆಟಕ್ಕೆ ಹೊರಳಿವೆ. ರಾತ್ರಿ ಹತ್ತರ ಬಳಿಕ ಧ್ವನಿವರ್ಧಕಕ್ಕೆ ನಿರ್ಬಂಧ, ಮರುದಿನದ ಉದ್ಯೋಗ, ಕೇಳುಗರ ವಯಸ್ಸು, ಹೀಗೆ ಕಾರಣಗಳು ಹಲವು. ನಾನೂ ಈಗ ಬೆಳಗಿನ ವರೆಗೆ ಕುಳಿತಿರಲಾರೆ. ಆದುದರಿಂದ ಯಾರನ್ನೂ ದೂರುವ ಹಕ್ಕು ನನಗಿಲ್ಲ. ಆದರೆ ಬಯಲಿನ ಆಟವು ಮೂರು ನಾಲ್ಕು ಗಂಟೆಗೆ ಇಳಿದಾಗ, ಪೂರ್ವರಂಗವೂ ವಿಳಂಬ ಕಾಲದ ಪದ್ಯಗಳೂ ಮೊದಲು ಕತ್ತರಿಗೆ ಸಿಗುತ್ತವೆ. ಆಟವು ತಾನಾಗಿಯೇ ಸುರುಳಿಯ ಅಳತೆಯತ್ತ ಬರುತ್ತಿದೆ. ಇಂಥ ಕಾಲದಲ್ಲಿ ಹಳೆಯ ಇಡೀ ರಾತ್ರಿಯ ಆಟಗಳ ಧ್ವನಿಮುದ್ರಣಗಳಿಗೆ ಹೊಸದೊಂದು ಬೆಲೆ ಬಂದಿದೆ. ಒಂದು ಪದ್ಯ ಎಷ್ಟು ಹೊತ್ತು ನಡೆಯುತ್ತಿತ್ತು, ಎಲ್ಲಿ ಬಿಡುವು ಕೊಡುತ್ತಿದ್ದರು, ಸಭೆ ಹೇಗೆ ಸ್ಪಂದಿಸುತ್ತಿತ್ತು ಎಂಬುದಕ್ಕೆ ಅವು ಸಾಕ್ಷಿಗಳು. ಅಂಗಡಿಯ ಸುರುಳಿಗಳಿಗಿಂತ, ಗದ್ದಲ, ಮಳೆಯ ಸದ್ದು, ಚಹಾ ಮಾರುವವನ ಕೂಗುಗಳಿಂದ ತುಂಬಿದ ಮನೆಯ ಸುರುಳಿಗಳೇ ಒಳ್ಳೆಯ ಸಾಕ್ಷಿಗಳೆಂದು ನನ್ನ ಅಭಿಪ್ರಾಯ.

ನಮ್ಮ ಗಡಿನಾಡಿನಲ್ಲಿ ಈ ಮಾತಿಗೆ ಇನ್ನೊಂದು ಮುಖವಿದೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಕನ್ನಡ ಲಿಪಿ ಅವರಿಗೆ ತೊಡಕಾಗಿದೆ. ಆದರೂ ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆಯಾಗಿರುವುದರಿಂದ ಮಕ್ಕಳು ಗೆಜ್ಜೆ ಕಟ್ಟುತ್ತಿದ್ದಾರೆ, ಪದ್ಯ ಕೇಳುತ್ತಿದ್ದಾರೆ. ಅವರ ಕೈಯಲ್ಲಿರುವುದು ಕ್ಯಾಸೆಟ್ಟಲ್ಲ, ಮೊಬೈಲ್. ಕಲಿಯುವ ಕ್ರಮ ಮಾತ್ರ ನನ್ನ ಆ ವಿದ್ಯಾರ್ಥಿಯದೇ. ಲಿಪಿ ಕೈಬಿಟ್ಟಲ್ಲಿ ಕಿವಿಯಾದರೂ ಉಳಿದಿದೆಯೆಂಬುದು ಸಂತೋಷದ ಸಂಗತಿ. ಆದರೆ ಪುಸ್ತಕವನ್ನು ತೆರೆದು ಸರಿನೋಡಲಾರದ ಕಿವಿಯು ಯಾವ ಅರೆಸಾಲು ಬಿಟ್ಟುಹೋದರೂ ಒಪ್ಪಿಕೊಂಡುಬಿಡುತ್ತದೆ. ಒಂದೊಂದೇ ಅರೆಸಾಲು ಬಿಟ್ಟುಹೋಗುತ್ತ ಭಾಷೆ ಹೇಗೆ ಸವೆಯುತ್ತದೆಂಬುದನ್ನು ನಾನು ಬೇರೆ ವಿವರಿಸಬೇಕಾಗಿಲ್ಲ.

ಆದುದರಿಂದ ಸಂಘದ ಸದಸ್ಯರಲ್ಲಿಯೂ ಅವರ ಕುಟುಂಬದವರಲ್ಲಿಯೂ ನನ್ನ ವಿನಂತಿ ಇಷ್ಟು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಸುರುಳಿಗಳಿಗೆ ಬೂಸು ಹಿಡಿಯಲು ಹೆಚ್ಚು ಕಾಲ ಬೇಡ. ಮನೆಯಲ್ಲಿರುವ ಹಳೆಯ ಸುರುಳಿಗಳನ್ನು ಎಸೆಯುವ ಮೊದಲು ಗಣಕಯಂತ್ರಕ್ಕೆ ಇಳಿಸಿರಿ. ಊರು, ಪ್ರಸಂಗ, ಭಾಗವತರು, ಚೆಂಡೆ ಮದ್ದಳೆಯವರು, ವರ್ಷ, ನೆನಪಿರುವಷ್ಟನ್ನು ಬರೆದಿಡಿರಿ. ನೆನಪಿರುವ ಹಿರಿಯರು ಇನ್ನೂ ಇದ್ದಾರೆ. ಮಕ್ಕಳಿಗೆ ಪದ್ಯ ಕೇಳಿಸುವಾಗ ಪಕ್ಕದಲ್ಲಿ ಪ್ರಸಂಗ ಪುಸ್ತಕವನ್ನು ತೆರೆದಿಡಿರಿ, ಅವರಿಗೆ ಓದಲು ಬಾರದಿದ್ದರೆ ನೀವು ಓದಿ ಹೇಳಿರಿ. ವರ್ಷಕ್ಕೊಮ್ಮೆಯಾದರೂ ಅವರನ್ನು ಆಟಕ್ಕೆ ಕರೆದೊಯ್ಯಿರಿ, ಅಲ್ಲಿ ಅವರು ಮೊಬೈಲ್ ಎತ್ತಿ ಹಿಡಿದರೆ ನನ್ನ ತಂದೆಯವರ ಮಾತನ್ನು ಹೇಳಿರಿ.

ನನ್ನ ಕಪಾಟು ಖಾಲಿಯಾಗಲಿಲ್ಲ. ಕಳೆದ ಮಳೆಗಾಲದಲ್ಲಿ ಮೊಮ್ಮಗನ ನೆರವಿನಿಂದ ಕೆಲವು ಸುರುಳಿಗಳನ್ನು ಗಣಕಯಂತ್ರಕ್ಕೆ ಇಳಿಸಿದೆವು. ಎಂಬತ್ತರ ದಶಕದ ಆ ಸುರುಳಿಯ ಸರದಿ ಬಂದಾಗ ಪ್ರಸಂಗ ಪುಸ್ತಕವನ್ನು ತೆರೆದು, ಬಿಟ್ಟುಹೋದ ಅರೆಸಾಲನ್ನು ಹುಡುಕಿದೆ. ನಾಲ್ಕೇ ಪದಗಳು. ಅವನ್ನು ಒಂದು ಚೀಟಿಯಲ್ಲಿ ಬರೆದು, ಇಲ್ಲಿ ಇಷ್ಟು ಬಿಟ್ಟುಹೋಗಿದೆ, ಕಲಿಯುವವರು ಸೇರಿಸಿಕೊಳ್ಳಬೇಕು ಎಂದು ಕೆಳಗೆ ನಮೂದಿಸಿ, ಸುರುಳಿಯ ಡಬ್ಬಿಗೆ ಅಂಟಿಸಿದ್ದೇನೆ.